ಹೊಸ ರೈಫಲ್ ನಿಜಕ್ಕೂ ಮೇಲೋ, ಹಳೇದೇ ಸಾಕಿತ್ತೋ? ತ್ರೀ ನಾಟ್ ತ್ರೀಯಿಂದ ಎಕೆ-203ರವರೆಗೆ ಒಂದು ಹೋಲಿಕೆ

ದಾವಣಗೆರೆಯಲ್ಲಿ ಬೆಳಗಿನ ಜಾವ ಮೈದಾನ ಸುತ್ತುವ ಅಗ್ನಿವೀರ್ ಹುಡುಗರೂ, ಪಿಂಚಣಿ ತಗೊಂಡು ಊರಿಗೆ ಬಂದ ನಮ್ಮಂಥ ಮಾಜಿಗಳೂ ಒಂದೇ ಚಹಾ ಅಂಗಡಿ ಮುಂದೆ ನಿಂತರೆ ಮಾತು ತಿರುಗಿ ತಿರುಗಿ ರೈಫಲ್‌ಗೇ ಬರುತ್ತದೆ. "ಸರ್, ಸಿಗ್ ಮುಂದೆ ಇನ್ಸಾಸ್ ಯಾವ ಲೆಕ್ಕ?" ಅನ್ನುತ್ತಾನೆ ಯೂಟ್ಯೂಬ್ ನೋಡಿ ಬಂದ ಹುಡುಗ. "ಏ ತಮ್ಮಾ, ಎಸ್‌ಎಲ್‌ಆರ್ ಒಂದ್ ಸಲ ಹೆಗಲಿಗೆ ಕೊಟ್ಟು ಹೊಡೆದು ನೋಡು, ಆಮೇಲೆ ಮಾತಾಡು" ಅಂತ ಹಿರಿಯರ ಉತ್ತರ ಸಿದ್ಧ. ಎಸ್‌ಎಲ್‌ಆರ್ ಅಂದರೆ ಸೈನ್ಯದ ಹಳೆಯ ರೈಫಲ್, ಇನ್ಸಾಸ್ ಆಮೇಲೆ ನಮ್ಮ ದೇಶದಲ್ಲೇ ರೂಪಿಸಿದ್ದು, ಸಿಗ್ ಈಚೆಗೆ ಅಮೆರಿಕದಿಂದ ತರಿಸಿದ್ದು. ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ದುರಸ್ತಿ ಮಾಡುವವನು, ಆಗಿದ್ದವನು. ಹೊಡೆಯುವವರು ರೈಫಲನ್ನು ಹೊರಗಿಂದ ನೋಡುತ್ತಾರೆ, ನಮಗೆ ಅದು ಕಾಣುವುದು ಬಿಚ್ಚಿ ಮೇಜಿನ ಮೇಲೆ ಹರವಿದ ಮೇಲೆ. ಆ ಮೇಜಿನ ಮೇಲೆ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. ವ್ಯತ್ಯಾಸ ಇರುವ ಕಡೆ ಮಾತ್ರ ಜನ ನೋಡುವುದೇ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾವ ರೈಫಲ್ಲೂ ನೀವು ಕೊಳ್ಳುವಂಥದ್ದಲ್ಲ. ತ್ರೀ ನಾಟ್ ತ್ರೀ (.303) ಸೇರಿ ಎಲ್ಲವೂ ಆಯುಧ ಕಾಯ್ದೆಯ ಪ್ರಕಾರ ನಿಷೇಧಿತ ಬೋರ್ (ನಳಿಕೆಯ ಅಳತೆ). ಆರಿಸುವುದು ಸೈನ್ಯ, ಪೊಲೀಸು. ದುಡ್ಡು ನಮ್ಮದು, ಹೊರುವ ಹೆಗಲು ನಮ್ಮ ಹುಡುಗರದು. ಹಾಗಾಗಿ "ಸೈನ್ಯಕ್ಕೆ ಹೊಸ ರೈಫಲ್" ಅಂತ ಸುದ್ದಿ ಬಂದಾಗ ಏನನ್ನು ಏನರ ಜೊತೆ ಹೋಲಿಸಬೇಕು ಅನ್ನುವುದಷ್ಟೇ ಇಲ್ಲಿಯ ವಿಷಯ.

ಮೊದಲು ಬದಲಾದದ್ದು ಮದ್ದು

ಚಿತ್ರದುರ್ಗದ ಕೋಟೆ ಹತ್ತಿದವರು ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ. ಕಟ್ಟಿದ ಗುಂಡಿಯೊಳಗೆ ಆಳೆತ್ತರಕ್ಕೆ ಸಮೀಪದ ಬೀಸುಕಲ್ಲುಗಳು. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರನ್ನೂ ನುಣ್ಣಗೆ ಅರೆದರೆ ಕಪ್ಪು ಮದ್ದು. ಅದರ ತೊಂದರೆ ಏನೆಂದರೆ ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯಾಗದೆ ಗಟ್ಟಿ ಕಸವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೊರಗೆ ಬಂದು ಹೊಡೆದವನ ಜಾಗ ತೋರಿಸುತ್ತದೆ, ಉಳಿದದ್ದು ನಳಿಕೆಯೊಳಗೆ ಮಸಿಯಾಗಿ ಕೂರುತ್ತದೆ. ನಾಲ್ಕಾರು ಗುಂಡು ಹೊಡೆಯುವಷ್ಟರಲ್ಲಿ ಮುಂದಿನ ಗುಂಡು ಇಳಿಸುವುದೇ ಕಷ್ಟ. ಇಂಥ ಮದ್ದು ಹಾಕಿಕೊಂಡು ತಾನೇ ತುಂಬಿಕೊಳ್ಳುವ ರೈಫಲ್ ಮಾಡುತ್ತೇನೆಂದು ಯಾವ ಜಾಣ ಕೂತರೂ ಸಾಧ್ಯವಿರಲಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. 1886ರಲ್ಲಿ ಅದನ್ನೇ ತುಂಬಿದ ಲೆಬೆಲ್ ರೈಫಲ್ ಬಂತು, ಯುರೋಪಿನ ಉಳಿದ ಸೈನ್ಯಗಳ ರೈಫಲ್ಲೆಲ್ಲ ರಾತ್ರೋರಾತ್ರಿ ಹಳತಾದವು. ಗುಂಡು ಸಣ್ಣದಾಯಿತು, ವೇಗ ಏರಿತು, ಹೊಗೆ ಹೋಯಿತು. ನಮ್ಮ ಪೊಲೀಸರ ಕೈಯಲ್ಲಿ ನೋಡಿದ ತ್ರೀ ನಾಟ್ ತ್ರೀಯ ತೋಟಾ (ಗುಂಡು, ಮದ್ದು, ಕೇಸ್ ಸೇರಿದ್ದು) ಕೂಡ 1888ರಲ್ಲಿ ಹುಟ್ಟಿದಾಗ ಕಪ್ಪು ಮದ್ದಿನದೇ. ಕೆಲವೇ ವರ್ಷಗಳಲ್ಲಿ ಅದಕ್ಕೆ ಕಾರ್ಡೈಟ್ ಅನ್ನುವ ಹೊಗೆಯಿಲ್ಲದ ಮದ್ದು ಬಂತು. ಕಾರ್ಡೈಟಿನ ಬಿಸಿಗೆ ಹಳೆಯ ಮೆಟ್‌ಫರ್ಡ್ ನಳಿಕೆಯೊಳಗೆ ಗುಂಡನ್ನು ತಿರುಗಿಸುವ ಆಳವಿಲ್ಲದ ಗೆರೆಗಳು ಬೇಗ ಸವೆಯತೊಡಗಿದವು. ಆಗ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಗೆರೆಗಳನ್ನು ಆಳವಾಗಿ ಕೊರೆದರು. 1895ರಲ್ಲಿ ಲೀ-ಮೆಟ್‌ಫರ್ಡ್ ಹೋಗಿ ಲೀ-ಎನ್‌ಫೀಲ್ಡ್, ಅಂದರೆ ನಮ್ಮ ತ್ರೀ ನಾಟ್ ತ್ರೀ, ಬಂದದ್ದು ಇಷ್ಟಕ್ಕೇ.

ಆಮೇಲೆ ಇಂಥ ಜಿಗಿತಗಳು ಇನ್ನೆರಡೇ. ಒಂದು, ಗುಂಡಿನ ಹಿಂದಿನ ಗ್ಯಾಸನ್ನೇ ಬಳಸಿ ರೈಫಲ್ ತನ್ನಷ್ಟಕ್ಕೆ ಮುಂದಿನ ತೋಟಾ ಎಳೆದುಕೊಳ್ಳುವುದು. ಇನ್ನೊಂದು, ಎರಡನೇ ಮಹಾಯುದ್ಧದ ಕೊನೆಗೆ ಜರ್ಮನರು ತಂದ ಮಧ್ಯಮ ಅಳತೆಯ ತೋಟಾ. 1960ರ ದಶಕ ಮುಗಿಯುವಷ್ಟರಲ್ಲಿ ಎರಡೂ ಪಕ್ವವಾಗಿದ್ದವು. ಈಗ ಬರುವ ಬಹಳಷ್ಟು "ಅತ್ಯಾಧುನಿಕ" ರೈಫಲ್‌ಗಳ ಒಳಗೆ ಇರುವುದು ಆ ದಶಕದ ಆರಂಭದ ಅಮೆರಿಕದ ಎಆರ್-18 ರೈಫಲ್‌ನ ಪಿಸ್ಟನ್ನೇ (ಗ್ಯಾಸ್ ತಳ್ಳುವ ದಂಡ), ಇಲ್ಲವೇ ಅದಕ್ಕೂ ಹಳೆಯ ಕಲಾಷ್ನಿಕೋವ್ (ಎಕೆ) ಪಿಸ್ಟನ್.

ತ್ರೀ ನಾಟ್ ತ್ರೀಯೋ ಎಸ್‌ಎಲ್‌ಆರೋ

ಇದರಲ್ಲಿ ವಾದವೇ ಇಲ್ಲ. ಹೊಸದು ಗೆದ್ದಿತು, ಪೂರ್ತಿ ಗೆದ್ದಿತು.

ತ್ರೀ ನಾಟ್ ತ್ರೀ ಗಟ್ಟಿ ಆಯುಧ. ಹತ್ತು ತೋಟಾ ಹಿಡಿಯುತ್ತದೆ, ತೂಕ ನಾಲ್ಕು ಕಿಲೋ, ಮಣ್ಣು ಬಿದ್ದರೂ ಬೋಲ್ಟ್ (ತೋಟಾ ತಳ್ಳಿ ನಳಿಕೆ ಮುಚ್ಚುವ ಅಗಳಿ) ಓಡುತ್ತದೆ. ನುರಿತ ಸಿಪಾಯಿ ನಿಮಿಷಕ್ಕೆ ಹದಿನೈದು ಗುಂಡು ಗುರಿಯಿಟ್ಟೇ ಹೊಡೆಯಬಲ್ಲ ಅನ್ನುವುದು ಬ್ರಿಟಿಷರ ಕಾಲದ ಪರೀಕ್ಷೆ. ಆದರೆ ಪ್ರತಿ ಗುಂಡಿಗೂ ಕೈ ಹಿಡಿ ಬಿಟ್ಟು ಬೋಲ್ಟ್ ಎತ್ತಬೇಕು, ಎಳೆಯಬೇಕು, ತಳ್ಳಬೇಕು, ಒತ್ತಬೇಕು. ಅಷ್ಟರಲ್ಲಿ ಕಣ್ಣು ಗುರಿಯಿಂದ ಜಾರಿರುತ್ತದೆ. 1962ರಲ್ಲಿ ಹಿಮಾಲಯದಲ್ಲಿ ನಮ್ಮವರ ಕೈಯಲ್ಲಿ ಇದ್ದದ್ದು ಇದು. ಎದುರಿಗೆ ಬಂದವರ ಕೈಯಲ್ಲಿ ಕುದುರೆ (ಟ್ರಿಗರ್) ಎಳೆದಷ್ಟು ಸಲ ಹಾರುವ ಅರೆ-ಸ್ವಯಂಚಾಲಿತ ರೈಫಲ್. ಆ ಯುದ್ಧದ ಸೋಲಿಗೆ ರೈಫಲ್ ಒಂದೇ ಕಾರಣ ಅಂದರೆ ತಪ್ಪು. ರಸ್ತೆಯಿರಲಿಲ್ಲ, ಉಣ್ಣೆ ಬಟ್ಟೆಯಿರಲಿಲ್ಲ, ತೋಟಾನೇ ಸಾಕಷ್ಟು ಇರಲಿಲ್ಲ. ಆದರೂ ಮುಂದಿನ ವರ್ಷದಿಂದಲೇ ಇಶಾಪುರದ ಕಾರ್ಖಾನೆಯಲ್ಲಿ ಎಸ್‌ಎಲ್‌ಆರ್ ಕೆಲಸ ಜೋರಾಯಿತು.

ಎಸ್‌ಎಲ್‌ಆರ್ ಮೂಲ ಬೆಲ್ಜಿಯಂನ ಎಫ್‌ಎನ್ ಫಾಲ್. 7.62×51 ತೋಟಾ (ಗುಂಡಿನ ಅಗಲ, ಕೇಸಿನ ಉದ್ದ, ಮಿಲಿಮೀಟರ್‌ನಲ್ಲಿ), ಮ್ಯಾಗಜಿನ್‌ನಲ್ಲಿ, ಅಂದರೆ ತೋಟಾ ತುಂಬುವ ಡಬ್ಬಿಯಲ್ಲಿ, ಇಪ್ಪತ್ತು. ನನಗೆ ಅದರಲ್ಲಿ ಇಷ್ಟವಾದದ್ದು ಗ್ಯಾಸ್ ರೆಗ್ಯುಲೇಟರ್. ನಳಿಕೆಯ ಮೇಲೆ, ಮುಂಗಣ್ಣಿನ (ಗುರಿ ನೋಡುವ ಮುಂದಿನ ಕಡ್ಡಿ) ಹಿಂದೆ ಒಂದು ಸಣ್ಣ ಬಳೆ, ಹೆಚ್ಚಾದ ಗ್ಯಾಸನ್ನು ಹೊರಗೆ ಬಿಡುವ ಕಿಂಡಿಗೆ. ಅದನ್ನು ಪೂರ್ತಿ ತೆರೆದಿಟ್ಟು ಒಂದೊಂದೇ ಗುಂಡು ಹೊಡೆಯುತ್ತಾ, ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬರಬೇಕು. ಖಾಲಿ ಕೇಸ್ ಸರಾಗವಾಗಿ ಹೊರಗೆ ಬೀಳತೊಡಗಿತು ಅಂದರೆ ಇನ್ನೆರಡು ಕ್ಲಿಕ್ ಮುಚ್ಚಿ ಬಿಡುವುದು. ಅಂದರೆ ಈ ರೈಫಲ್‌ಗೆ ಎಷ್ಟು ಗ್ಯಾಸ್ ಬೇಕೋ ಅಷ್ಟೇ ಕೊಡುವ ಸೌಲಭ್ಯ. ಧೂಳು ಕೂತು ಬಿಗಿಯಾದರೆ ಸಿಪಾಯಿ ತಾನೇ ಒಂದು ಕ್ಲಿಕ್ ಏರಿಸಿಕೊಳ್ಳುತ್ತಾನೆ. ಇಂಥದ್ದು ಈಗಿನ ಎಷ್ಟೋ ರೈಫಲ್‌ಗಳಲ್ಲಿ ಇಲ್ಲ, ಇದ್ದರೂ ಎರಡೇ ಹಂತ.

ಇನ್ನು ದೋಷ. ಉದ್ದ 114 ಸೆಂ.ಮೀ. ಗಾಡಿಯಿಂದ ಇಳಿಯುವಾಗ, ಮನೆ ತಪಾಸಣೆಯಲ್ಲಿ ಬಾಗಿಲು ದಾಟುವಾಗ ಅದೊಂದು ಕಾಟ. ಖಾಲಿ ತೂಕವೇ ನಾಲ್ಕು ಕಿಲೋ ಮುನ್ನೂರು ಗ್ರಾಂ. ಒದೆತವೂ ಜೋರು. ಹಿರಿಯರು ನೆನಪಿನಲ್ಲಿ ಇದನ್ನೆಲ್ಲ ಮರೆತಿರುತ್ತಾರೆ.

ತ್ರೀ ನಾಟ್ ತ್ರೀಗೆ ಇನ್ನೊಂದು ಅವತಾರವೂ ಇತ್ತು. ಅದೇ ಬೋಲ್ಟ್‌ಗೆ 7.62 ನಳಿಕೆ, ಹನ್ನೆರಡು ತೋಟಾದ ಮ್ಯಾಗಜಿನ್ ಹಾಕಿ ಇಶಾಪುರದಲ್ಲೇ 2ಎ1 ಅಂತ ಮಾಡಿದರು. ಒಳ್ಳೆಯ ಕೆಲಸ, ತಡವಾದ ಕೆಲಸ. ಉತ್ತರ ಪ್ರದೇಶ ಪೊಲೀಸರು ತ್ರೀ ನಾಟ್ ತ್ರೀಗೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. 2008ರ ನವೆಂಬರ್‌ನಲ್ಲಿ ಮುಂಬೈಯ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಇದೇ ರೈಫಲ್ ಹಿಡಿದ ಪೊಲೀಸರು ಎಕೆ ಹಿಡಿದ ಭಯೋತ್ಪಾದಕರ ಎದುರು ನಿಲ್ಲಬೇಕಾಯಿತು. ಅಷ್ಟಾದ ಮೇಲೂ ಹನ್ನೊಂದು ವರ್ಷ.

ಎಸ್‌ಎಲ್‌ಆರೋ ಇನ್ಸಾಸೋ

ಚಹಾ ಅಂಗಡಿ ಮುಂದೆ ದನಿ ಏರುವುದು ಇಲ್ಲಿ. ನ್ಯಾಯವಾಗಿ ನೋಡಬೇಕೆಂದರೆ ತೋಟಾ ಬೇರೆ, ವಿನ್ಯಾಸ ಬೇರೆ, ತಯಾರಿಕೆ ಬೇರೆ ಅಂತ ಮೂರಾಗಿ ಬಿಡಿಸಿ ನೋಡಬೇಕು.

ತೋಟಾದಲ್ಲಿ ಇನ್ಸಾಸ್‌ಗೆ ಸ್ಪಷ್ಟ ಗೆಲುವು. ಎಸ್‌ಎಲ್‌ಆರ್‌ನ ಒಂದು ತೋಟಾ ಸುಮಾರು 24 ಗ್ರಾಂ. ಇನ್ಸಾಸ್‌ನ 5.56×45 ಸುಮಾರು 12 ಗ್ರಾಂ. ನೂರು ತೋಟಾಕ್ಕೆ ಇಲ್ಲಿ ಒಂದು ಕಿಲೋ ಇನ್ನೂರು ಗ್ರಾಂ, ಅಲ್ಲಿ ಎರಡು ಕಿಲೋ ನಾನ್ನೂರು. ಅದೇ ತೂಕಕ್ಕೆ ಎರಡರಷ್ಟು ಗುಂಡು. ಒದೆತ ಕಮ್ಮಿ, ಅದರಿಂದ ಹೊಸ ರಿಕ್ರೂಟ್ ಬೇಗ ಕಲಿಯುತ್ತಾನೆ, ಕಣ್ಣು ಮುಚ್ಚಿಕೊಂಡು ಕುದುರೆ ಎಳೆಯುವುದು ನಿಲ್ಲುತ್ತದೆ. 1952ರಲ್ಲೇ ಅಮೆರಿಕದ ಹಿಚ್‌ಮನ್ ವರದಿ ಕಾಲ್ದಳದ ರೈಫಲ್ ಕೆಲಸಕ್ಕೆ ಬರುವುದು ಬಹುಪಾಲು ಮುನ್ನೂರು ಗಜದೊಳಗೇ ಅಂತ ಲೆಕ್ಕ ಕೊಟ್ಟಿತ್ತು. ಆ ದೂರಕ್ಕೆ 7.62×51 ಅಗತ್ಯಕ್ಕಿಂತ ದೊಡ್ಡದು. ತಮಾಷೆ ಏನು ಗೊತ್ತಾ, ಎಫ್‌ಎನ್‌ನವರು ಫಾಲ್ ರೈಫಲನ್ನು ಮೊದಲು ಮಾಡಿದ್ದೇ ಸಣ್ಣ ತೋಟಾಕ್ಕೆ. ನ್ಯಾಟೋದಲ್ಲಿ ಅಮೆರಿಕ ಹಟ ಹಿಡಿದು 1954ರಲ್ಲಿ ದೊಡ್ಡದನ್ನು ಎಲ್ಲರ ಮೇಲೆ ಹೇರಿತು, ಹತ್ತೇ ವರ್ಷದಲ್ಲಿ ತಾನೇ ಅದನ್ನು ಬಿಟ್ಟು ಸಣ್ಣದಕ್ಕೆ ಹೋಯಿತು.

ವಿನ್ಯಾಸಕ್ಕೆ ಬಂದರೆ ಪುಣೆಯ ಎಆರ್‌ಡಿಇ (ಡಿಆರ್‌ಡಿಒದ ಆಯುಧ ಸಂಶೋಧನಾಲಯ) ಇನ್ಸಾಸ್‌ನಲ್ಲಿ ಹೊಸದೇನನ್ನೂ ಹುಟ್ಟಿಸಲಿಲ್ಲ. ಹುಟ್ಟಿಸಬೇಕಾಗಿಯೂ ಇರಲಿಲ್ಲ. ಒಳಗೆ ಕಲಾಷ್ನಿಕೋವ್‌ನ ಉದ್ದ ಪಿಸ್ಟನ್, ತಿರುಗುವ ಬೋಲ್ಟ್. ಗ್ಯಾಸ್ ರೆಗ್ಯುಲೇಟರ್ ಫಾಲ್ ಕಡೆಯಿಂದ. ಒಂದೊಂದೇ ಗುಂಡು ಇಲ್ಲವೇ ಮೂರರ ಬರ್ಸ್ಟ್. ಕಾಗದದ ಮೇಲೆ ಇದರಲ್ಲಿ ಕೊರೆ ಹುಡುಕುವುದು ಕಷ್ಟ.

ಎಡವಿದ್ದು ತಯಾರಿಕೆಯಲ್ಲಿ, ಅದರಲ್ಲೂ ಮ್ಯಾಗಜಿನ್‌ನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಯಾವ ಯೂಟ್ಯೂಬ್ ಹೋಲಿಕೆಯಲ್ಲೂ ಮ್ಯಾಗಜಿನ್ ಬಗ್ಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ. ಖಾಲಿ ಮ್ಯಾಗಜಿನ್ ಕೈಯಲ್ಲಿ ಹಿಡಿದು ಮೇಲಿಂದ ನೋಡಿ. ಎರಡೂ ಬದಿಯ ಅಂಚು ಒಳಕ್ಕೆ ಬಾಗಿರುತ್ತದೆ, ಅದಕ್ಕೆ ತುಟಿ ಅನ್ನುತ್ತೇವೆ. ಕೆಳಗಿನ ಸ್ಪ್ರಿಂಗ್ ತೋಟಾಗಳನ್ನು ಮೇಲಕ್ಕೆ ನೂಕುತ್ತಿರುತ್ತದೆ, ತುಟಿ ತಡೆದು ನಿಲ್ಲಿಸುತ್ತದೆ. ಬೋಲ್ಟ್ ಮುಂದಕ್ಕೆ ಬರುವಾಗ ಆ ತುಟಿಯಿಂದಲೇ ಒಂದು ತೋಟಾವನ್ನು ಜಾರಿಸಿಕೊಂಡು ನಳಿಕೆಯ ಹಿಂದಿನ ಕೋಣೆಗೆ ತಳ್ಳುತ್ತದೆ. ತುಟಿ ಕೂದಲೆಳೆಯಷ್ಟು ಅಗಲವಾದರೆ ತೋಟಾ ಮೂತಿ ಎತ್ತಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಒಟ್ಟಿಗೆ ಎರಡು ಮೇಲೆ ಬರುತ್ತವೆ. ರೈಫಲ್ ಅಡ್ಡ ನಿಂತಿತು ಅಂತ ಕೋತ್‌ಗೆ (ಆಯುಧ ಇಡುವ ಕೊಠಡಿ) ತಂದಾಗ ನಾವು ಮೊದಲು ನೋಡುತ್ತಿದ್ದದ್ದು ಬೋಲ್ಟ್ ಅಲ್ಲ, ಮ್ಯಾಗಜಿನ್. ಬೇರೆ ಮ್ಯಾಗಜಿನ್ ಹಾಕಿ ಹೊಡೆದರೆ ಎಷ್ಟೋ ಸಲ ರೋಗ ಅಲ್ಲಿಗೇ ಹೋಗುತ್ತಿತ್ತು.

ಎಸ್‌ಎಲ್‌ಆರ್ ಮ್ಯಾಗಜಿನ್ ಉಕ್ಕಿನದು. ಬಿದ್ದರೆ ನಗ್ಗುತ್ತದೆ, ಒಡೆಯುವುದಿಲ್ಲ. ಇನ್ಸಾಸ್‌ಗೆ ಕೊಟ್ಟದ್ದು ಪ್ಲಾಸ್ಟಿಕ್, ಒಳಗೆ ಎಷ್ಟು ತೋಟಾ ಉಳಿದಿವೆ ಅಂತ ಕಾಣಲಿ ಅಂತ ಅರೆ ಪಾರದರ್ಶಕ. ಐಡಿಯಾ ಬಹಳ ಚೆಂದ. ಆದರೆ 1999ರಲ್ಲಿ ಕಾರ್ಗಿಲ್‌ನ ಚಳಿಯಲ್ಲಿ ಅವು ಸೀಳು ಬಿಟ್ಟವು ಅನ್ನುವ ದೂರು ದೇಶಕ್ಕೆಲ್ಲ ಗೊತ್ತಾಯಿತು. ಆಮೇಲೆ ಸುಧಾರಿಸಿದರು, ಆದರೆ ರೈಫಲ್‌ಗೆ ಬಂದ ಕೆಟ್ಟ ಹೆಸರು ಹೋಗಲಿಲ್ಲ. ಪ್ಲಾಸ್ಟಿಕ್ ಮ್ಯಾಗಜಿನ್ನೇ ತಪ್ಪು ಅಂತಲ್ಲ. ಇವತ್ತು ಜಗತ್ತಿನ ಎಷ್ಟೋ ಸೈನ್ಯಗಳು ಒಳ್ಳೆಯ ಪಾಲಿಮರ್ ಮ್ಯಾಗಜಿನ್ ಬಳಸುತ್ತಿವೆ. ಯಾವ ಪ್ಲಾಸ್ಟಿಕ್, ಎಷ್ಟು ಚಳಿಗೆ ಪರೀಕ್ಷೆ ಮಾಡಿದ್ದು ಅನ್ನುವುದೇ ಪ್ರಶ್ನೆ.

ತೂಕದಲ್ಲಿ ಇನ್ಸಾಸ್ ಉಳಿಸಿದ್ದೂ ಅಷ್ಟಕ್ಕಷ್ಟೇ. ಮ್ಯಾಗಜಿನ್ ಬಿಟ್ಟೂ ನಾಲ್ಕು ಕಿಲೋ ದಾಟುತ್ತದೆ. ಸಣ್ಣ ತೋಟಾದ ರೈಫಲ್‌ಗೆ ಇದು ಜಾಸ್ತಿ. ಒಟ್ಟಿನಲ್ಲಿ ತೋಟಾದಲ್ಲಿ ಒಂದು ಪೂರ್ತಿ ಹೆಜ್ಜೆ ಮುಂದೆ, ಕೈಗೆಲಸದಲ್ಲಿ ಅರ್ಧ ಹೆಜ್ಜೆ ಹಿಂದೆ. ಸಮತಟ್ಟಿನ ಊರುಗಳಲ್ಲಿ, ನಳಿಕೆಗೆ ಸರಿಯಾಗಿ ಚಿಂದಿ ಎಳೆದು ಎಣ್ಣೆ ಅಳತೆಯಲ್ಲಿ ಹಾಕಿದ ಇನ್ಸಾಸ್ ಚೆನ್ನಾಗಿಯೇ ಹೊಡೆಯುತ್ತದೆ, ಇದನ್ನು ನಾನು ಯಾರ ಮುಂದೆಯೂ ಹೇಳುತ್ತೇನೆ.

ಇನ್ಸಾಸೋ ಎಕೆ-203ಯೋ

ಇಲ್ಲಿ "ಹೊಸದು" ಅನ್ನುವ ಲೆಕ್ಕವೇ ತಲೆಕೆಳಗಾಗುತ್ತದೆ. ಇನ್ಸಾಸ್ ರೂಪುಗೊಂಡದ್ದು 1980ರ ದಶಕದಲ್ಲಿ. ಅದರ ಜಾಗಕ್ಕೆ ಬರುತ್ತಿರುವ ಎಕೆ-203ರ ಬೇರು 1947ರಲ್ಲಿದೆ, ತೋಟಾ ಅದಕ್ಕಿಂತ ಸ್ವಲ್ಪ ಹಳೆಯದು. 2021ರ ಡಿಸೆಂಬರ್‌ನಲ್ಲಿ ರಷ್ಯಾ ಜೊತೆ ಒಪ್ಪಂದವಾಗಿ ಅಮೇಠಿಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ರೈಫಲ್ ಮಾಡುವ ಕೆಲಸ ನಡೆದಿದೆ. ಅಂದರೆ ಹೊಸ ವಿನ್ಯಾಸದ ಕೈಬಿಟ್ಟು ಹಳೆಯ ವಿನ್ಯಾಸದ ಹೊಸ ಪ್ರತಿಗೆ ಹೋಗಿದ್ದೇವೆ. ನನಗೆ ಇದರಲ್ಲಿ ಅವಮಾನ ಏನೂ ಕಾಣುವುದಿಲ್ಲ.

ಎಕೆ ಯಾಕೆ ಅಡ್ಡ ನಿಲ್ಲುವುದಿಲ್ಲ ಅಂತ ಕೇಳುವವರಿಗೆ ಖೋಲ್-ಜೋಡ್ (ಬಿಚ್ಚಿ ಜೋಡಿಸುವುದು) ಮಾಡಿ ತೋರಿಸಿದರೆ ಸಾಕು. ಮೇಲಿನ ಮುಚ್ಚಳ ತೆಗೆದರೆ ಸ್ಪ್ರಿಂಗ್, ಅದರ ಮುಂದೆ ಪಿಸ್ಟನ್ ಸಮೇತ ಭಾರವಾದ ಕ್ಯಾರಿಯರ್, ಅದರೊಳಗೆ ಬೋಲ್ಟ್. ಚಲಿಸುವ ಭಾಗ ಕಡಿಮೆ, ಭಾರ ಹೆಚ್ಚು, ಸುತ್ತ ಸಂದು ಧಾರಾಳ. ಧೂಳು ಒಳಗೆ ಬಂದರೂ ಆ ಸಂದಿನಲ್ಲಿ ಜಾಗ ಮಾಡಿಕೊಂಡು ಕೂರುತ್ತದೆ. ಕ್ಯಾರಿಯರ್ ತನ್ನ ಭಾರಕ್ಕೇ ಅದನ್ನು ಒತ್ತಿಕೊಂಡು ಓಡುತ್ತದೆ. ಮ್ಯಾಗಜಿನ್ ಬಾಗಿರುವುದು ಚೆಂದಕ್ಕಲ್ಲ, 7.62×39 ತೋಟಾ ಹಿಂದೆ ದಪ್ಪ ಮುಂದೆ ಸಣ್ಣ ಇರುವುದರಿಂದ ಒಂದರ ಮೇಲೊಂದು ಇಟ್ಟರೆ ತಾನೇ ಬಾಗುತ್ತದೆ. ಆ ಓರೆಯಿಂದಲೇ ಕೋಣೆಗೂ ಸರಾಗ, ಹೊರಗೆ ಎಳೆಯುವುದಕ್ಕೂ ಸರಾಗ.

203ರಲ್ಲಿ ಹೊಸದು ಏನೆಂದರೆ, ಮಡಿಸುವ ಹಿಡಿ (ಮಡಿಸಿದರೆ 70 ಸೆಂ.ಮೀ. ಆಸುಪಾಸು, ಗಾಡಿಯಲ್ಲಿ ಆರಾಮ), ಉದ್ದ ಹೊಂದಿಸಿಕೊಳ್ಳಬಹುದು, ಮೇಲಿನ ಮುಚ್ಚಳದ ಮೇಲೆ ದೂರದರ್ಶಕ ಕೂರಿಸುವ ಪಿಕಾಟಿನ್ನಿ ರೈಲ್. ಹಳೆಯ ಎಕೆಯ ಮುಚ್ಚಳ ಅಲುಗುತ್ತಿತ್ತು, ಅದರ ಮೇಲೆ ಸೈಟ್ (ಗುರಿ ನೋಡುವ ದೂರದರ್ಶಕ) ಕೂರಿಸಿದರೆ ಜೀರೋ, ಅಂದರೆ ಗುರಿಗೂ ಗುಂಡಿಗೂ ಮಾಡಿದ ಹೊಂದಾಣಿಕೆ, ನಿಲ್ಲುತ್ತಿರಲಿಲ್ಲ. ಹೊಸದರಲ್ಲಿ ಅದನ್ನು ಬಿಗಿ ಮಾಡಿದ್ದಾರೆ. ಮೂವತ್ತರ ಮ್ಯಾಗಜಿನ್. ತೂಕ 3.8 ಕಿಲೋ.

ಗುರಿಯ ಮಾತು ಬಂದರೆ ಎಕೆಗೆ ಬೈಯುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ಒಳ್ಳೆಯ ಎಕೆ ನೂರು ಮೀಟರ್‌ನಲ್ಲಿ ಹತ್ತು ಸೆಂ.ಮೀ. ಒಳಗೆ ಗ್ರೂಪಿಂಗ್ (ಗುಂಡುಗಳು ಬಿದ್ದ ಹರವು) ಕೊಡುತ್ತದೆ. ಮುನ್ನೂರಕ್ಕೆ ಅದು ಮೂವತ್ತು ಸೆಂ.ಮೀ. ರೇಂಜಿನಲ್ಲಿ ನಿಲ್ಲಿಸುವ ಆಳಿನ ಟಾರ್ಗೆಟ್ ಅದಕ್ಕಿಂತ ಅಗಲ. ಓಡಿ ಬಂದು ಏದುಸಿರು ಬಿಡುತ್ತಾ ಮಲಗಿದ ಸಿಪಾಯಿಯ ಕೈ ನಡುಕವೇ ಇದರ ಎರಡರಷ್ಟಿರುತ್ತದೆ. ಮುನ್ನೂರು ದಾಟಿದ ಮೇಲೆ ಮಾತ್ರ ಬೈಗುಳ ನ್ಯಾಯ. ಈ ಗುಂಡು ನಳಿಕೆ ಬಿಡುವಾಗಲೇ ಸೆಕೆಂಡಿಗೆ 715 ಮೀಟರ್ ವೇಗ, ಇನ್ಸಾಸ್‌ನದು 900. ದೂರ ಹೋದಂತೆ ಎಕೆಯ ಗುಂಡು ಬೇಗ ಇಳಿಯುತ್ತದೆ, ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ಕೆಳಗಾಗುತ್ತದೆ. ಬಯಲಲ್ಲಿ, ಎತ್ತರದ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೊಡೆಯಲು ಇದು ಅಲ್ಲ. ಕಾಡು, ಓಣಿ, ಮನೆ ತಪಾಸಣೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

"ಇನ್ಸಾಸ್ ಗುಂಡು ಗಾಯ ಮಾಡುತ್ತದೆ ಅಷ್ಟೇ, ಸಾಯಿಸುವುದಿಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಅರ್ಧ ಕಟ್ಟುಕತೆ. 5.56ರ ಪರಿಣಾಮ ಅದರ ವೇಗಕ್ಕೆ ಕಟ್ಟುಬಿದ್ದದ್ದು. ಹತ್ತಿರದಲ್ಲಿ ಭೀಕರ, ವೇಗ ಇಳಿದ ಮೇಲೆ ಸಾಧಾರಣ.

ಎಸ್‌ಎಲ್‌ಆರೋ ಸಿಗ್ 716ಯೋ

ಹುಡುಗರ ಮೆಚ್ಚಿನದು. 2019ರಲ್ಲಿ ತುರ್ತು ಖರೀದಿಯಲ್ಲಿ 72,400 ತರಿಸಿದರು, ಆಮೇಲೆ ಇನ್ನೊಂದು ದೊಡ್ಡ ಆರ್ಡರ್ ಹೋಯಿತು. ತೋಟಾ ಯಾವುದು? 7.62×51, ಎಸ್‌ಎಲ್‌ಆರ್‌ನದೇ. ಮ್ಯಾಗಜಿನ್‌ಗೆ ಇಪ್ಪತ್ತು, ಎಸ್‌ಎಲ್‌ಆರ್‌ನಷ್ಟೇ. ತೂಕ ಸುಮಾರು ನಾಲ್ಕು ಕಿಲೋ, ಅಂದರೆ ಒಂದು ಹಿಡಿ ತೋಟಾದಷ್ಟು ಕಮ್ಮಿ. ಹಿರಿಯರು ಇದನ್ನು ಕೇಳಿದಾಗ ಮೀಸೆ ತಿರುವುತ್ತಾರೆ.

ಆದರೆ ಉದ್ದ ಕಮ್ಮಿ, ಹಿಡಿ ಆಳಿಗೆ ತಕ್ಕಂತೆ ಎಳೆದುಕೊಳ್ಳಬಹುದು. ಮುಂಗೈ ಹಿಡಿಯುವ ಭಾಗ ನಳಿಕೆಗೆ ತಾಗದಂತೆ ಇರುವುದರಿಂದ ಕೈ ಒತ್ತಡಕ್ಕೆ ಗುಂಡು ಅತ್ತಿತ್ತ ಹೋಗುವುದಿಲ್ಲ. ಮೇಲೆ ಉದ್ದಕ್ಕೂ ಗಟ್ಟಿ ರೈಲ್ ಇದೆ. ಎಸ್‌ಎಲ್‌ಆರ್‌ನ ಮೇಲ್ಮುಚ್ಚಳ ತೆಳು ತಗಡು, ಅದರ ಮೇಲೆ ಸೈಟ್ ಕೂರಿಸಿ ಜೀರೋ ಉಳಿಸಿಕೊಳ್ಳುವುದು ಆರ್ಮರರ್‌ಗೆ ತಲೆನೋವು. ಸಿಗ್‌ನಲ್ಲಿ ಒಮ್ಮೆ ಕೂರಿಸಿ ಜೀರೋ ಮಾಡಿದರೆ ಆಯಿತು. ಎದುರು ಬೆಟ್ಟದ ಬಂಡೆ ಮರೆಯ ಮನುಷ್ಯನನ್ನು ಐನೂರು ಮೀಟರ್‌ನಲ್ಲಿ ನಾಲ್ಕು ಪಟ್ಟು ದೊಡ್ಡದಾಗಿ ಕಂಡು ಹೊಡೆಯುವವನಿಗೂ, ಒಂದು ಕಡ್ಡಿ ಮುಂಗಣ್ಣಿನ ಹಿಂದೆ ಅವನು ಪೂರ್ತಿ ಮರೆಯಾಗುವಂತೆ ಹೊಡೆಯುವವನಿಗೂ ಹೋಲಿಕೆಯೇ ಇಲ್ಲ. ಹಾಗಂತ ಸೈಟ್ ಇಲ್ಲದ ಸಿಗ್ ಕೊಟ್ಟರೆ ಅದು ಕಮ್ಮಿ ಉದ್ದದ ಎಸ್‌ಎಲ್‌ಆರ್.

ಹೊರಗಿನವರು ಪಟ್ಟ ಪಾಡು

ಹೊಸದು ಕೆಡುವುದು ಯಾಕೆ ಅಂತ ತಿಳಿಯಲು ಅಮೆರಿಕದ ಎಂ-16 ರೈಫಲ್ ಕತೆ ಸಾಕು. ವಿಯೆಟ್ನಾಂಗೆ ಹೋದ ಮೊದಲ ರೈಫಲ್‌ಗಳ ವಿನ್ಯಾಸ ಚೆನ್ನಾಗಿತ್ತು. ಆಮೇಲೆ ತೋಟಾದ ಮದ್ದು ಬದಲಿಸಿದರು, ಹೊಸ ಮದ್ದು ಮಸಿ ಹೆಚ್ಚು ಬಿಟ್ಟಿತು, ಬಡಿತದ ವೇಗ ಏರಿಸಿತು. ತೋಟಾ ಕೂರುವ ಕೋಣೆಗೆ ಕ್ರೋಮ್ ಹಾಕಿರಲಿಲ್ಲ, ಆ ತೇವಕ್ಕೆ ತುಕ್ಕು. ಮೇಲಾಗಿ ಇದಕ್ಕೆ ಹೆಚ್ಚು ಕ್ಲೀನಿಂಗ್ ಬೇಡ ಅನ್ನುವ ಮಾತು ಹಬ್ಬಿ ನಳಿಕೆ ಒರೆಸುವ ಪುಲ್‌ಥ್ರೂ, ಬ್ರಶ್ಶು ಸಹ ಸರಿಯಾಗಿ ಮುಟ್ಟಿಸಲಿಲ್ಲ. ಖಾಲಿ ಕೇಸ್ ಕೋಣೆಯಲ್ಲೇ ಕಚ್ಚಿಕೊಂಡು ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ಮಾಡಿತು. ಕ್ರೋಮ್ ಬಂತು, ಬಡಿತ ತಗ್ಗಿಸುವ ಬಫರ್ ಬದಲಾಯಿತು, ಕ್ಲೀನಿಂಗ್ ಕಿಟ್ ಬಂತು. ಅದೇ ರೈಫಲ್‌ನ ಮಕ್ಕಳು ಇವತ್ತೂ ಓಡುತ್ತಿವೆ.

ಬ್ರಿಟಿಷರು 1985ರಲ್ಲಿ ಫಾಲ್ ಬಿಟ್ಟು ಎಸ್‌ಎ80 ರೈಫಲ್ ತಂದರು. ಕೊಲ್ಲಿ ಯುದ್ಧದ ಮರಳಲ್ಲಿ ಅದು ಕೈಕೊಟ್ಟಿತು, ಕೊನೆಗೆ ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಒಳಗಿನದ್ದೆಲ್ಲ ತಿದ್ದಿಕೊಡಬೇಕಾಯಿತು. ಆದರೆ ಅದರ ಜೊತೆ ಬಂದ ನಾಲ್ಕು ಪಟ್ಟಿನ ಸೂಸ್ಯಾಟ್ ಸೈಟ್ ಮಾತ್ರ ಮೊದಲ ದಿನದಿಂದಲೇ ಒಳ್ಳೆಯದು.

ಇನ್ನೂ ಮುಖ್ಯವಾದದ್ದು 1986ರಿಂದ 1990ರವರೆಗಿನ ಅಮೆರಿಕದ ಎಸಿಆರ್ ಯೋಜನೆ. ಎಂ-16ಎ2ಗಿಂತ ಎರಡರಷ್ಟು ಸಲ ಗುರಿ ಮುಟ್ಟುವ ರೈಫಲ್ ಬೇಕು ಅಂದರು. ಬಾಣದಂಥ ಸೂಜಿ ಗುಂಡು, ಒಂದೇ ತೋಟಾದಲ್ಲಿ ಎರಡು ಗುಂಡು, ಕೇಸೇ ಇಲ್ಲದ ತೋಟಾ, ಎಲ್ಲ ಬಂತು. ಒಂದೂ ಆ ಅಳತೆ ಮುಟ್ಟಲಿಲ್ಲ, ಯೋಜನೆ ಅಲ್ಲಿಗೇ ಮುಗಿಯಿತು. ಗುರಿ ತಪ್ಪುವುದು ಬಹುಪಾಲು ಮನುಷ್ಯನಿಂದ, ಅದನ್ನು ಲೋಹದಲ್ಲಿ ತಿದ್ದಲಾಗುವುದಿಲ್ಲ ಅನ್ನುವುದು ಅಷ್ಟು ದುಡ್ಡು ಸುರಿದ ಮೇಲೆ ಕಂಡದ್ದು.

2022ರ ಏಪ್ರಿಲ್‌ನಲ್ಲಿ ಅದೇ ಅಮೆರಿಕ ಸಿಗ್ ಕಂಪನಿಯ 6.8×51 ರೈಫಲ್ ಆರಿಸಿತು, ಈಗ ಅದರ ಹೆಸರು ಎಂ-7. ದೂರಕ್ಕೂ ಎದೆಕವಚ ತೂರುವುದಕ್ಕೂ ಅಂತ ಒತ್ತಡ ಏರಿಸಿದ ತೋಟಾ. ಬೆಲೆ ತೆತ್ತದ್ದು ಎಲ್ಲಿ? ಎಂ-4 (ಎಂ-16ರ ಗಿಡ್ಡ ರೂಪ) ಹಿಡಿದವನು ಏಳು ಮ್ಯಾಗಜಿನ್‌ನಲ್ಲಿ 210 ಗುಂಡು ಒಯ್ಯುತ್ತಿದ್ದ, ಎಂ-7 ಹಿಡಿದವನು ಏಳು ಮ್ಯಾಗಜಿನ್‌ನಲ್ಲಿ 140. ರೈಫಲ್ಲೂ ಭಾರ, ಸದ್ದಡಗಿಸುವ ಸಪ್ರೆಸರ್ ಸೇರಿದರೆ ನಾಲ್ಕೂವರೆ ಕಿಲೋ ಹತ್ತಿರ. ಎಪ್ಪತ್ತು ವರ್ಷದ ಹಿಂದೆ ಮುಗಿಯಿತು ಅಂದುಕೊಂಡ ದೊಡ್ಡ ತೋಟಾ-ಸಣ್ಣ ತೋಟಾ ಜಗಳ ಮತ್ತೆ ಶುರು. ಅದರ ಜೊತೆ ಬರುವ ಸೈಟ್ ಮಾತ್ರ ನಿಜಕ್ಕೂ ಹೊಸದು. ಲೇಸರ್‌ನಿಂದ ದೂರ ಅಳೆದು, ಎಷ್ಟು ಮೇಲೆ ಗುರಿಯಿಡಬೇಕು ಅಂತ ಗಾಜಿನೊಳಗೇ ಚುಕ್ಕೆ ತೋರಿಸುತ್ತದೆ.

ರೈಫಲ್ ಹೆಚ್ಚು ಬೆಳೆದಿಲ್ಲ ಅನ್ನುವುದು ನಮ್ಮ ಚಳ್ಳಕೆರೆ ಕಡೆಯವರಿಗೆ ಬೇರೆ ರೀತಿ ಅರ್ಥವಾಗುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ತೋಪು ಎಳೆದ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ 2017ರಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಶುರುವಾಯಿತು, ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಆ ವಿದ್ಯೆ ಹತ್ತು ವರ್ಷದಲ್ಲಿ ಏರಿದಷ್ಟು ರೈಫಲ್ ಅರವತ್ತು ವರ್ಷದಲ್ಲಿ ಏರಿಲ್ಲ. (ಮೇವಿನ ಕಾವಲು ಹೋಯಿತಲ್ಲ ಅನ್ನುವ ಸಂಕಟ ಬೇರೆ, ಅದಕ್ಕೆ ಬೇರೆಯೇ ಬರೆಯಬೇಕು.)

ಹಾಗಾದರೆ ಯಾವುದು?

ಎತ್ತರದ ಗಡಿ ಠಾಣೆಗೆ ನಾನು ಸಿಗ್ 716 ಕೊಡುತ್ತೇನೆ, ಸೈಟ್ ಸಮೇತ. ಸೈಟ್‌ಗೆ ದುಡ್ಡಿಲ್ಲ ಅಂದರೆ ಕೊಡುವುದಿಲ್ಲ. ಕಾಡು, ಊರೊಳಗಿನ ಕಾರ್ಯಾಚರಣೆಗೆ ಎಕೆ-203. ತರಬೇತಿ ಕೇಂದ್ರಕ್ಕೆ ಇನ್ಸಾಸ್ ಇನ್ನೂ ಹತ್ತು ವರ್ಷ ಧಾರಾಳವಾಗಿ ನಡೆಯುತ್ತದೆ, ಮ್ಯಾಗಜಿನ್ ಹೊಸದು ಹಾಕಿದರೆ. ಖಜಾನೆ ಕಾಯುವ ಗಾರ್ಡ್‌ಗೆ ಎಸ್‌ಎಲ್‌ಆರ್ ಸಾಕು. ತ್ರೀ ನಾಟ್ ತ್ರೀ ಮೆರವಣಿಗೆಗೆ ಚೆಂದ.

ಒಂದು ಅಸಮಾಧಾನ ಮಾತ್ರ ಹೇಳಲೇಬೇಕು. ಈಗ ಒಂದೇ ಸೈನ್ಯದಲ್ಲಿ 7.62×51, 7.62×39, 5.56×45 ಮೂರೂ ಓಡುತ್ತಿವೆ. ಒಂದರ ತೋಟಾ ಇನ್ನೊಂದಕ್ಕೆ ಬೀಳುವುದಿಲ್ಲ. ಸ್ಪ್ರಿಂಗು, ಎಕ್ಸ್‌ಟ್ರ್ಯಾಕ್ಟರು, ಗೇಜು ಎಲ್ಲ ಮೂರು ಮೂರು ಪೆಟ್ಟಿಗೆ. ಕೆಲಸಕ್ಕೊಂದು ರೈಫಲ್ ಅನ್ನುವುದು ಸರಿ, ಆದರೆ ಅದರ ಹೊರೆ ಸ್ಟೋರಿನವನ ಬೆನ್ನಿಗೆ.

ಹುಡುಗರಿಗೆ ಆಯ್ಕೆಯೇ ಇರುವುದಿಲ್ಲ, ಕೊಟ್ಟದ್ದನ್ನು ಹೊರಬೇಕು. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹೊಡೆಯುವ ಅವಕಾಶ ಸಿಕ್ಕರೆ ಬಿಡಬೇಡಿ. ಉಸಿರು ಹಿಡಿಯುವುದು, ಕುದುರೆ ಹಿಂಡುವುದು ಅಲ್ಲಿ ಕಲಿತದ್ದೇ ಸಿಗ್‌ಗೂ ಎಕೆಗೂ ಬರುತ್ತದೆ. ಐವತ್ತು ಪ್ರಾಕ್ಟೀಸ್ ತೋಟಾ ಹೆಚ್ಚಿಗೆ ಕೊಟ್ಟ ಪಲ್ಟನ್ನು ಹೊಸ ರೈಫಲ್ ಕೊಟ್ಟ ಪಲ್ಟನ್ನಿಗಿಂತ ಚೆನ್ನಾಗಿ ಹೊಡೆದದ್ದನ್ನು ನಾನು ರೇಂಜಿನಲ್ಲಿ ಕಂಡಿದ್ದೇನೆ.

ಮುಂದಿನ ಸುದ್ದಿ ಬರುವುದು ಬಹುಶಃ ಉಗ್ರಂ ಬಗ್ಗೆ. 2024ರ ಜನವರಿಯಲ್ಲಿ ಪುಣೆಯ ಎಆರ್‌ಡಿಇ, ಹೈದರಾಬಾದಿನ ದ್ವೀಪ ಆರ್ಮರ್ ಸೇರಿ ತೋರಿಸಿದ 7.62×51 ರೈಫಲ್. ನಾಲ್ಕು ಕಿಲೋದೊಳಗೆ, ಇಪ್ಪತ್ತರ ಮ್ಯಾಗಜಿನ್, ಐನೂರು ಮೀಟರ್. ಈ ಅಂಕಿಗಳನ್ನು ಎಸ್‌ಎಲ್‌ಆರ್ ಪಕ್ಕ ಇಟ್ಟು ನೋಡಿ, ತೂಕದಲ್ಲಿ ಮುನ್ನೂರು ನಾನ್ನೂರು ಗ್ರಾಂ ಬಿಟ್ಟರೆ ಬೇರೆ ವ್ಯತ್ಯಾಸ ಸಿಗುವುದಿಲ್ಲ. ಅದಕ್ಕೇ ಅದನ್ನು ಆ ಅಂಕಿಗಳಲ್ಲಿ ಅಳೆಯಬಾರದು. ಸೈಟ್ ಬೆಲೆಯೊಳಗೆ ಸೇರಿದೆಯೋ ಹೊರಗೋ, ನಮ್ಮದೇ ಕಾರ್ಖಾನೆಯ ತೋಟಾದಲ್ಲಿ ಎಷ್ಟು ಸಾವಿರ ಗುಂಡು ಹೊಡೆದು ನೋಡಿದ್ದಾರೆ, ನಳಿಕೆ ಸವೆದರೆ ಬದಲಿ ಎಲ್ಲಿಂದ ಬರುತ್ತದೆ, ಇವನ್ನು ಕೇಳಿ. ನಾನಂತೂ ಮೊದಲು ಕೇಳುವುದು ಮ್ಯಾಗಜಿನ್ ಎಲ್ಲಿ ಮಾಡಿದ್ದು, ಸಿಯಾಚಿನ್‌ನಲ್ಲಿ ಎಷ್ಟು ದಿನ ಇಟ್ಟು ನೋಡಿದ್ರಿ ಅಂತ.